ಬೇವು ಒಸರಿದ ಬೇಸಿಗೆ

ಹೋದ ವಾರ ಅಂಬಲಿಗೆಂದು ಕಲಸಿಟ್ಟ ಜೋಳದ ಹಿಟ್ಟನ್ನು ಮರೆತುಬಿಟ್ಟಿದ್ದೆ. ಬಿಸಿಲಿನ ದಿನಗಳು. ಮೂಲೆಯ ಗಡಿಗೆಯಲ್ಲಿ ಅದು ತನ್ನಷ್ಟಕ್ಕೆ ಉಬ್ಬಿ, ನೊರೆಗಟ್ಟಿ, ಅಂಚಿನಿಂದ ಮೆಲ್ಲಗೆ ಕೆಳಗಿಳಿಯತೊಡಗಿತ್ತು. ಬಟ್ಟೆ ಸರಿಸಿದಾಗ ಬಂದದ್ದು ಬರಿಯ ಹುಳಿಯ ವಾಸನೆಯಲ್ಲ. ಹುಳಿಯ ಒಳಗೊಂದು ಸಿಹಿ, ಆ ಸಿಹಿಯ ಹಿಂದೆ ಎಲ್ಲೋ ಒಂದೆಳೆ ಕಹಿ ಇದ್ದಂತೆ ನನಗೆ ಭಾಸವಾಯಿತು. ಜೋಳದಲ್ಲಿ ಕಹಿ ಎಲ್ಲಿಂದ ಬರಬೇಕು? ಅದನ್ನು ನನ್ನ ನೆನಪೇ ಸೇರಿಸಿಕೊಂಡಿರಬೇಕು. ಉಮರ್ಗಾದ ಈ ಸಣ್ಣ ಅಡುಗೆಮನೆಯಲ್ಲಿ ಬಟ್ಟೆ ಹಿಡಿದು ಹಾಗೆಯೇ ನಿಂತುಬಿಟ್ಟೆ. ಮಗಳು ಒಳಗೆ ಬಂದು, "ಚೆಲ್ಲಿಬಿಡವ್ವ, ಕೆಟ್ಟದ. ಅದರ ಮಾರಿ ಏನ್ ನೋಡ್ತಿ?" ಎಂದಳು. ನಾನು ನೋಡುತ್ತಿದ್ದದ್ದು ಗಡಿಗೆಯನ್ನಲ್ಲ. ನಮ್ಮ ಹಳೆಯ ಮನೆಯ ಅಂಗಳದ ಬೇವಿನ ಮರವನ್ನು, ಅದರ ಬುಡದಲ್ಲಿ ಕುಳಿತಿದ್ದ ನೀಲತ್ತಿಯನ್ನು. ನೀಲತ್ತಿ ಹೋಗಿ ಈಗ ಒಂದು ಚಳಿಗಾಲ ಕಳೆದಿದೆ.

ನಿಲಂಗಾದಿಂದ ವಲಾಂಡಿಯ ಕಡೆ ಹೋಗುವ ಬಂಡಿದಾರಿಯ ಪಕ್ಕದಲ್ಲಿ ನಮ್ಮ ಊರು. ಆಗ ನಿಜಾಮರ ಆಳ್ವಿಕೆ. ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಮನೆಯೊಳಗೆ ಕನ್ನಡ, ಹೀಗೆ ಮೂರು ಮಾತುಗಳ ನಡುವೆ ನಾವು ಬೆಳೆದೆವು. ಮಣ್ಣಿನ ಮಾಳಿಗೆಯ ಮನೆ, ಉದ್ದನೆಯ ಪಡಸಾಲೆ, ಎತ್ತು ಕಟ್ಟುವ ಕೊಟ್ಟಿಗೆ, ನಡುವೆ ಸೆಗಣಿ ಸಾರಿಸಿದ ಅಂಗಳ, ಅಂಗಳದ ಮೂಡಣ ಮೂಲೆಯಲ್ಲಿ ಯಾರು ನೆಟ್ಟದ್ದೋ ಯಾರಿಗೂ ತಿಳಿಯದ ಆ ಬೇವು. ಅದರ ನೆರಳು ಬೆಳಿಗ್ಗೆ ಅಡುಗೆಮನೆಯ ಗೋಡೆಯನ್ನೂ ಸಂಜೆ ಹೊರಗಿನ ದಾರಿಯನ್ನೂ ಮುಟ್ಟುತ್ತಿತ್ತು. ಮನೆಯ ಯಜಮಾನಿಕೆ ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ಅಪ್ಪ ಹೊಲ ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ. ಅಪ್ಪನ ತಮ್ಮ ರೇವಣಕಾಕಾ ಉದಗೀರದಲ್ಲಿ ಓದಿ, ಮುಂದೆ ಹೈದರಾಬಾದಿಗೆ ಹೋಗಿದ್ದವನು. ಇವರಿಬ್ಬರಿಗಿಂತ ಚಿಕ್ಕವಳು ನೀಲವ್ವ, ನನ್ನ ನೀಲತ್ತಿ. ಆಕೆಗೆ ಚಿಕ್ಕಂದಿನಲ್ಲೇ ಮದುವೆಯಾಗಿತ್ತು. ಗಂಡನ ಮನೆಗೆ ಹೋಗುವ ಮೊದಲೇ ಆ ಹುಡುಗ ಜ್ವರದಿಂದ ಸತ್ತುಹೋದ. ಅವನ ಮುಖ ನೆನಪಿದೆಯೇ ಎಂದು ಒಮ್ಮೆ ಕೇಳಿದ್ದೆ. "ಮದಿವ್ಯಾಗ ಅಂವಗ ನಿದ್ದಿ ಬಂದಿತ್ತು, ನನಗೂ ಬಂದಿತ್ತು. ಯಾರ ಮಾರಿ ಯಾರು ನೋಡಬೇಕವ್ವ?" ಎಂದು ನಕ್ಕಿದ್ದಳು. ಆಗ ಆಕೆಗೆ ಹದಿನೈದೋ ಹದಿನಾರೋ, ನನಗೆ ಎಂಟೋ ಒಂಬತ್ತೋ.

ಆ ವರ್ಷ ಹೋಳಿಯ ಹೊತ್ತಿಗೆ ಕಾಕಾ ಊರಿಗೆ ಬಂದ. ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಪುಸ್ತಕಗಳೇ ಹೆಚ್ಚಿದ್ದವು. ಅವುಗಳಲ್ಲಿ ಒಂದು ಇಟ್ಟಿಗೆಯಷ್ಟು ದಪ್ಪನೆಯ ಇಂಗ್ಲಿಷ್ ನಿಘಂಟು. ಅದನ್ನು ಅವನು ಬೇವಿನ ಕಟ್ಟೆಯ ಮೇಲಿಟ್ಟುಕೊಂಡು ಓದುತ್ತಿದ್ದ. ನೀಲತ್ತಿ ಒಲೆಯ ಕೆಲಸ ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಎದುರಿಗೆ ಕೂರುವಳು. ಅವನು ಮೊರದಲ್ಲಿ ಬೂದಿ ಹರಡಿ ಕಡ್ಡಿಯಿಂದ ಅಕ್ಷರ ಬರೆದರೆ, ಆಕೆ ಅದರ ಕೆಳಗೆ ಬರೆಯುವಳು. ಆಕೆ ಬರೆದದ್ದರ ಕೆಳಗೆ ನಾನು. ಮೊರ ತುಂಬಿದೊಡನೆ ಒಮ್ಮೆ ಅಲುಗಾಡಿಸಿದರೆ ಬೂದಿ ಮತ್ತೆ ಸಮವಾಗುತ್ತಿತ್ತು. ನಾನು ಇಂದು ಇದನ್ನು ಬರೆಯಬಲ್ಲೆನಾದರೆ ಅದು ಆ ಮೊರದ ಬೂದಿಯಿಂದ. ಕಾಕಾ ಆ ದಿನಗಳಲ್ಲಿ ನಮ್ಮಿಬ್ಬರಿಗೂ ಬೇರೆಯೇ ಒಂದು ಲೋಕದವನಂತೆ ಕಾಣುತ್ತಿದ್ದ. ಅವನ ಅಂಗಿಯಿಂದ ಬರುತ್ತಿದ್ದ ಪೇಟೆಯ ಸಾಬೂನಿನ ಪರಿಮಳವೂ ನಮಗೆ ವಿದ್ಯೆಯ ಪರಿಮಳವೆಂದೇ ಅನಿಸುತ್ತಿತ್ತು. ಅವನೇ ಒಂದು ದಿನ ಊಟಕ್ಕೆ ಕುಳಿತಾಗ ಎಲ್ಲರ ಮುಂದೆ ಹೇಳಿದ, ಹೈದರಾಬಾದಿನಲ್ಲಿ ಹೆಣ್ಣುಮಕ್ಕಳಿಗೆ ಅಲ್ಲೇ ವಸತಿ ಕೊಟ್ಟು ಮಾಸ್ತರಿಕೆ ಕಲಿಸುವ ಶಾಲೆಯೊಂದಿದೆ, ಮುಂಗಾರು ತರುವ ಮಿರಗದ ಮಳೆಯ ಮೊದಲು ತಾನು ನೀಲಾಳನ್ನು ಅಲ್ಲಿಗೆ ಸೇರಿಸುತ್ತೇನೆ ಎಂದು. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ, "ನೀ ಓದಿದಾಂವ. ನಿನಗ ಸರಿ ಕಂಡಂಗ ಮಾಡು" ಎಂದಷ್ಟೇ ಹೇಳಿ ಕೈ ತೊಳೆದ. ನೀಲತ್ತಿ ಅಂದಿನಿಂದಲೇ ಒಂದು ಕೌದಿ ಹೊಲಿಯತೊಡಗಿದಳು. ಅಲ್ಲಿ ಚಳಿಯೋ ಸೆಕೆಯೋ ಆಕೆಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ನಮ್ಮ ಅವ್ವ ಬಾಣಂತಿ. ಬಾಣಂತಿಗೆ ಅಂಟಿನುಂಡೆ ಕಟ್ಟಬೇಕು, ಅದಕ್ಕೆ ಜಾಲಿಯ ಅಂಟು ಬೇಕು. ಆಯಿ ನಮ್ಮಿಬ್ಬರನ್ನೂ ಹಳ್ಳದ ದಂಡೆಗೆ ಕಳಿಸಿದಳು. ಕಾಕಾ ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಹಿಂದೆಯೇ ಬಂದ. ಜಾಲಿಯ ತೊಗಟೆಯ ಬಿರುಕಿನಿಂದ ಅಂಟು ಹೊರಬಂದು, ಹರಿಯಲಾರದೆ, ಬೀಳಲಾರದೆ, ಬೆಲ್ಲದ ಬಣ್ಣದ ಮಣಿಯಾಗಿ ನಿಂತಿರುತ್ತಿತ್ತು. ಕೆಲವು ಗಟ್ಟಿ, ಕೆಲವು ಇನ್ನೂ ಮೆತ್ತಗೆ. ಮೆತ್ತಗಿದ್ದದ್ದನ್ನು ಮುಟ್ಟಿದರೆ ಬೆರಳಿಗೂ ಮರಕ್ಕೂ ನಡುವೆ ಎಳೆ ಹಿಡಿಯುತ್ತಿತ್ತು. "ಇದಕ್ಕ ಇಂಗ್ರೇಜಿಯಾಗ ಒಂದು ಮಾತದ" ಎಂದ ಕಾಕಾ. "ಊಝ್. ಸುರಿಯೂದಲ್ಲ, ಹರಿಯೂದಲ್ಲ. ಒಳಗ ತುಂಬಿದ್ದು ತಡಕೊಳ್ಳಲಾರದ ತಾನಾಗೇ ಮೆಲ್ಲಕ ಹೊರಗ ಬರೂದು." ಬಂಡೆಯ ಮೇಲೆ ನಿಘಂಟು ಬಿಚ್ಚಿ, ಆ ಮಾತು ಎಲ್ಲಿಂದ ಬಂತೆಂಬುದನ್ನೂ ಓದಿ ಹೇಳಿದ. ಬಹಳ ಹಿಂದೆ ಆ ದೇಶದ ಜನ ಗಿಡದ ರಸಕ್ಕೆ ವೋಸ್ ಎನ್ನುತ್ತಿದ್ದರಂತೆ. ಕೆಸರಿಗೆ ಬೇರೆಯದೇ ಒಂದು ಮಾತಿತ್ತು, ಅದು ವಾಸ್ ಎಂಬಂತೆ. ಕಾಲ ಕಳೆದಂತೆ ಎರಡರ ಮೊದಲ ಅಕ್ಷರವೂ ಸವೆದುಹೋಗಿ, ಎರಡೂ ಒಂದೇ ಸದ್ದಿಗೆ ಬಂದು ನಿಂತವಂತೆ.

"ಅಲ್ಲಿ ಗಿಡದ ರಸ ನೋಡೋ ರೈತರೂ ಇದ್ದಾರೇನಣ್ಣಾ? ನಾ ಬರೇ ಸಾಹೇಬ್ರು ಇರ್ತಾರ ಅಂದ್ಕೊಂಡಿದ್ದೆ" ಎಂದಳು ನೀಲತ್ತಿ.

"ಸಾಹೇಬ್ರಿಗೆ ರೊಟ್ಟಿ ಯಾರು ಬೆಳೀಬೇಕು? ನಿಮ್ಮಪ್ಪ ಹೋಗಿ ಬೆಳೀತಾನೇನು?"

"ನಿಮ್ಮಪ್ಪನೂ ಅಂವಾನೇ ಅಲ್ಲೇನು?" ಎಂದು ಆಕೆ ಅಂಟಿನ ಬೆರಳನ್ನು ಅವನ ಕಿವಿಗೆ ಒರೆಸಿದಳು. ಆಮೇಲೆ ಯೋಚಿಸುತ್ತ ಹೇಳಿದಳು, "ನಾವೂ ಒಸರು ಅಂತೀವಿ. ಅವರು ವೋಸ್ ಅಂತಾರ. ಬಳಗ ಇರಬೇಕು."

"ಒಂದೇ ಥರ ಕೇಳಿಸಿದ್ದೆಲ್ಲಾ ಬೀಗರಾಗೂದಿಲ್ಲ ಹುಚ್ಚಿ" ಎಂದು ಕಾಕಾ ನಕ್ಕ. ಆ ಮಧ್ಯಾಹ್ನ ಹಳ್ಳದ ಮರಳು ಸುಡುತ್ತಿತ್ತು, ಜಾಲಿಯ ಹಳದಿ ಹೂಗಳು ನಮ್ಮ ತಲೆಯ ಮೇಲೆ ಉದುರುತ್ತಿದ್ದವು. ಮನೆಗೆ ಬರುವ ದಾರಿಯುದ್ದಕ್ಕೂ ನೀಲತ್ತಿ ಆ ಮಾತನ್ನು ಹಾಡಿನಂತೆ ಎಳೆದು ಎಳೆದು ಹೇಳುತ್ತ ಬಂದಳು. ಅವರಿಬ್ಬರೂ ಹಾಗೆ ಜೊತೆಯಾಗಿ ನಗುವುದನ್ನು ನಾನು ನೋಡಿದ್ದು ಆ ಬೇಸಿಗೆಯಲ್ಲೇ ಕೊನೆ.

ಮಿರಗ ಕೂಡಲು ಇನ್ನು ಕೆಲವೇ ದಿನಗಳಿದ್ದವು. ಉದಗೀರದ ರೈಲಿಗೆ ಹೋಗಲು ಬಂಡಿ ಗೊತ್ತುಮಾಡಿಯಾಗಿತ್ತು, ಕೌದಿಯ ಕೊನೆಯ ಅಂಚು ಮಾತ್ರ ಉಳಿದಿತ್ತು. ಒಂದು ಬೆಳಿಗ್ಗೆ ಅಂಗಳ ಗುಡಿಸಲು ಹೋದ ನೀಲತ್ತಿ ಪೊರಕೆ ಬಿಟ್ಟು ನನ್ನನ್ನು ಕೂಗಿದಳು. ಬೇವಿನ ಕಾಂಡದಲ್ಲಿ, ಆಳೆತ್ತರದ ಕವಲಿನಿಂದ, ಬೆಳ್ಳಗಿನ ದ್ರವವೊಂದು ನೊರೆನೊರೆಯಾಗಿ ಇಳಿಯುತ್ತಿತ್ತು. ತೊಗಟೆಗೆ ಕಿವಿ ಹಚ್ಚಿದರೆ ಒಳಗೆ ಎಸರು ಕುದಿಯುವಂಥ ಸದ್ದು. ಆಗಲೇ ಇರುವೆಗಳು ಸಾಲುಗಟ್ಟಿದ್ದವು. ವಾಸನೆ ಹುಳಿಬಂದ ಹಿಟ್ಟಿನಂತೆ, ಅದರಲ್ಲಿ ಬೇವಿನ ಕಹಿ. ಆಕೆ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. "ಸೀ ಅದ! ಬೇವು ಸೀ ಅದ ನೋಡಬಾರೇ, ಖೋಡಿ! ನಿಮ್ಮ ಕಾಕಾನ ಊಝ್ ಮನಿಗೇ ಬಂದದ!" ಎಂದು ಕೈ ತಟ್ಟಿ ಕೂಗಿದಳು. ಆ ಸಂತೋಷದ ಕೂಗಿಗೆ ಮನೆಯವರೆಲ್ಲ ಹೊರಗೆ ಬಂದರು. ಓಣಿಯವರು ಬಂದರು. ಆಯಿ ಮರವನ್ನು ನೋಡಿದಳು, ಮಗಳ ಬೆಳ್ಳಗಾದ ಬೆರಳನ್ನು ನೋಡಿದಳು, ಆಮೇಲೆ ಎರಡೂ ಕೈ ಜೋಡಿಸಿ ಅಲ್ಲೇ ಕುಸಿದು ಕುಳಿತಳು. "ಅಂಬಾಬಾಯಿ ಹಾಲು ಕೊಟ್ಟಾಳ. ನನ್ನ ಕೂಸಿನ ಕೈಗೇ ಕೊಟ್ಟಾಳ."

ಬೇವು ನಮ್ಮ ಕಡೆ ದೇವಿಯ ಮರ. ನಾವು ಲಿಂಗ ಕಟ್ಟಿದವರಾದರೂ ತುಳಜಾಪುರದ ಅಂಬಾಬಾಯಿಗೆ ನಡೆದುಕೊಳ್ಳದ ಮನೆ ಆ ಸೀಮೆಯಲ್ಲಿ ಇರಲಿಲ್ಲ. ಮರ ಹಾಲು ಕೊಟ್ಟರೆ ನಮ್ಮ ಊರಲ್ಲಿ ಒಂದು ಕಟ್ಟಳೆಯಿತ್ತು. ಆ ಹಾಲನ್ನು ಮೊದಲು ಮುಟ್ಟಿದ ಕೈಯೇ ಅದನ್ನು ಹಿಡಿದು ಬಂದವರಿಗೆ ತೀರ್ಥವಾಗಿ ಕೊಡಬೇಕು, ಆ ಕೈಯವಳ ಕೊರಳಿಗೆ ಕವಡಿಯ ಸರ ಬೀಳಬೇಕು, ಸರ ಬಿದ್ದವಳು ಊರ ಗಡಿ ದಾಟಬಾರದು. ಆಯಿಯನ್ನು ನಾನು ಇಂದಿಗೂ ದೂರುವುದಿಲ್ಲ. ಆಕೆ ಮನಸಾರೆ ನಂಬಿದಳು. ಮಗಳು ಕಾಣದ ಊರಿಗೆ ಹೋಗುತ್ತಾಳೆಂದು ಆ ಬೇಸಿಗೆಯೆಲ್ಲ ಒಳಗೊಳಗೇ ಬೇಯುತ್ತಿದ್ದವಳಿಗೆ ಮಗಳನ್ನು ಉಳಿಸಿಕೊಳ್ಳಲು ದೇವಿಯೇ ಬಂದಂತಾಗಿತ್ತು. ಜನ ಬರತೊಡಗಿದರು. ನಿಲಂಗಾದಿಂದ, ವಲಾಂಡಿಯಿಂದ, ಸಾಸ್ತೂರದಿಂದಲೂ ಬಂಡಿಗಳು ಬಂದವು. ಮರಾಠಿ ಹಾಡು, ಊದುಬತ್ತಿಯ ಹೊಗೆ, ಒಡೆದ ತೆಂಗಿನಕಾಯಿಯ ನೀರು, ಅದರ ಮೇಲೆ ಮುತ್ತಿದ ನೊಣ. ಪಕ್ಕದ ಓಣಿಯಲ್ಲಿ ಕುರಿ ಸಾಕುತ್ತಿದ್ದ ಮಾಳವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ನಮ್ಮ ಕುರಿ ದಿನಾ ಹಾಲು ಕೊಡ್ತಾವ, ನಮ್ಮ ಅಂಗಳಕ ಒಬ್ಬರೂ ಊದುಬತ್ತಿ ತರೂದಿಲ್ಲ ನೋಡ್ರಿ" ಎಂದಾಗ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನೀಲತ್ತಿಯೂ ನಕ್ಕಳು. ಆಕೆಗೆ ಹೆದರಿಕೆಯೇ ಇರಲಿಲ್ಲ. "ಅಣ್ಣ ಹೇಳ್ತಾನ ತಗೋ" ಎಂದು ನನ್ನ ಕಿವಿಯಲ್ಲಿ ಅಂದಳು. "ಅಂವಗ ಗೊತ್ತದಲ್ಲ."

ಕಾಕಾನನ್ನು ಜನ ಅದುವರೆಗೆ ಓದಿ ಕೆಲಸವಿಲ್ಲದೆ ಕುಳಿತ ಹುಡುಗನೆಂದೇ ನೋಡುತ್ತಿದ್ದರು. ಈಗ ಹಾಲಿನ ಮರದ ಮನೆಯ ಓದಿದವನೆಂದು ಹುಡುಕಿಕೊಂಡು ಬಂದು ಮಾತಾಡಿಸತೊಡಗಿದರು. ಹಿರಿಯರು ಎದ್ದು ಜಾಗ ಕೊಟ್ಟರು. ಅವನು ಮೊದಲೆರಡು ದಿನ ಯಾರಿಗೂ ಏನೂ ಹೇಳದೆ ಮಾಳಿಗೆಯ ಮೇಲೆ ಓಡಾಡಿದ. ಆಮೇಲೆ ಕೆಳಗಿಳಿದು, ಬಂದವರನ್ನು ಸಾಲಾಗಿ ಕೂರಿಸುವ ಕೆಲಸ ಹಿಡಿದ.

ಸರ ಹಾಕುವ ದಿನ ಮಠದ ಅಯ್ಯನವರನ್ನು ಕರೆಸಿದ್ದರು. ಮುಪ್ಪಿನ ಅಯ್ಯನವರು, ಮೆತ್ತಗಿನ ದನಿ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಕಂಬಳಿಯ ಮೇಲೆ ಕುಳಿತು ಬಹಳ ಹೊತ್ತು ಮರವನ್ನೇ ನೋಡಿದರು. "ಲಿಂಗ ಕಟ್ಟಿದ ಕೊರಳಿಗೆ ಕವಡಿ ಯಾಕಂತ ನನ್ನ ಮನಸ್ಸು ಕೇಳ್ಲಾಕತ್ತದ" ಎಂದರು. "ಗಿಡಕ್ಕ ಏನೋ ಆಗಿ ರಸ ಬಂದಿದ್ರ ರಸ ಅಂದುಬಿಡೂಣ. ಹುಡುಗಿ ಓದ್ಲಾಕ ಹೊಂಟಾಳಂತ ಕೇಳೀನಿ. ಹೋಗ್ಲಿ. ರೇವಣಪ್ಪ, ಈ ಮಂದ್ಯಾಗ ಓದಿದಾಂವ ನೀ ಒಬ್ಬನೇ. ನಿಮ್ಮ ಪುಸ್ತಕದಾಗ ಇದಕ್ಕ ಏನಂತಾರ? ನೀ ಹೇಳಿದಂಗ ಮಾಡೂಣ."

ಅಂಗಳದವರೆಲ್ಲ ಕಾಕಾನ ಕಡೆ ತಿರುಗಿದರು. ಆಯಿ ತಲೆ ತಗ್ಗಿಸಿದಳು. ನೀಲತ್ತಿ ಅಡುಗೆಮನೆಯ ಬಾಗಿಲಲ್ಲಿ ನನ್ನ ಭುಜ ಹಿಡಿದು ನಿಂತಿದ್ದಳು. ಆಕೆಯ ಮುಖದಲ್ಲಿ ಆಗಲೇ ಅರ್ಧ ನಗು ಬಂದಿತ್ತು. ಪಾಠ ಒಪ್ಪಿಸುವಾಗ ಮುಂದಿನ ಸಾಲು ಗೊತ್ತಿದ್ದವರ ನಗು. ಕಾಕಾ ಒಮ್ಮೆ ಬಾಗಿಲ ಕಡೆ ನೋಡಿದ. ಅವನು ನಮ್ಮನ್ನು ನೋಡಿದ್ದು ನಿಜ, ಅದರಲ್ಲಿ ನನಗೆ ಸಂಶಯವಿಲ್ಲ. ಆಮೇಲೆ ಜನರ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, "ಪುಸ್ತಕದಾಗ ಇದಕ್ಕ ಹೆಸರಿಲ್ಲರಿ ಅಯ್ಯನವರ" ಎಂದ.

ನಾನು ಕೂಗಿದೆ. "ಅದ ಕಾಕಾ! ನೀನೇ ಹೇಳಿದಿಯಲ್ಲ, ಊಝ್! ಗಿಡದ ರಸ!" ಜನ ತಿರುಗಿ ನೋಡಿದರು. ಅವ್ವ ಕಂಕುಳ ಕೂಸಿನೊಂದಿಗೇ ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಕಾಕಾ ಮುಗುಳುನಕ್ಕು, "ಹುಡುಗಿಗೆ ಇಂಗ್ರೇಜಿ ಹುಚ್ಚು ಹಿಡದದ. ಕೇಳಿದ್ದಕ್ಕೆಲ್ಲಾ ಅದೊಂದೇ ಅಂತಾಳ" ಎಂದ. ಎಲ್ಲರೂ ನಕ್ಕರು. ಅಯ್ಯನವರು ಮತ್ತೊಮ್ಮೆ, "ಖರೇನೇನಪ್ಪ?" ಎಂದು ಕೇಳಿದರು. ಕಾಕಾ "ಖರೇರಿ" ಎಂದ. ನನ್ನ ಭುಜದ ಮೇಲಿದ್ದ ಕೈ ಮೆಲ್ಲಗೆ ಸಡಿಲವಾಯಿತು. ನೀಲತ್ತಿ ಅಣ್ಣನನ್ನು ನೋಡುತ್ತಲೇ ಇದ್ದಳು. ಹೆಂಗಸರು ಬಂದು ಸರ ಹಾಕಿಸಲು ಕೈಹಿಡಿದು ಕರೆದೊಯ್ದಾಗಲೂ ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದ್ದಳು.

ಮರ ಕೆಲವು ವಾರ ಒಸರಿತು. ಮಳೆ ಹಿಡಿದ ಮೇಲೆ ನೊರೆ ಕಡಿಮೆಯಾಗಿ, ತೊಗಟೆಯ ಮೇಲೆ ಕಂದು ಕಲೆಯೊಂದು ಉಳಿದು, ಒಣಗಿಹೋಯಿತು. ಬಂಡಿಗಳು ಬರುವುದು ನಿಂತಿತು. ಮತ್ತೆ ಹಾಲು ಬಂದು ದೇವಿ ತಾನೇ ಬಿಡುಗಡೆ ಕೊಡುವವರೆಗೆ ಸರ ತೆಗೆಯುವಂತಿರಲಿಲ್ಲ. ಹಾಲು ಮತ್ತೆ ಬರಲಿಲ್ಲ. ಕಾಕಾ ಮರುವರ್ಷ ಉದಗೀರದಲ್ಲಿ ಮಾಸ್ತರನಾದ. ಊರವರ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ, ಒಳ್ಳೆಯ ಮಾಸ್ತರನೆಂದು ಹೆಸರು ಪಡೆದ. ಹೈದರಾಬಾದಿನ ಆ ಶಾಲೆಯಲ್ಲಿ ತಂಗಿಗಾಗಿ ಅವನು ಒಂದು ಮಾತೂ ವಿಚಾರಿಸಿರಲಿಲ್ಲವೆಂಬುದು ಎಷ್ಟೋ ಕಾಲದ ಮೇಲೆ ಅವನ ಹೆಂಡತಿಯ ಬಾಯಿಂದಲೇ ನಮಗೆ ತಿಳಿಯಿತು. ಅದನ್ನು ಕೇಳಿ ನೀಲತ್ತಿಗೆ ಆಶ್ಚರ್ಯವಾಗಲಿಲ್ಲ. "ಅಂವಗ ನನ್ನ ಕರಕೊಂಡು ಹೋಗೂದು ಬ್ಯಾಡಾಗಿತ್ತವ್ವ. ಬ್ಯಾಡ ಅಂತ ಬಾಯಿಲೆ ಹೇಳ್ಲಾಕ ಆಗಲಿಲ್ಲ. ಗಿಡದ ಕೈಲಿ ಹೇಳಿಸ್ದ" ಎಂದಳು. ಕೌದಿಯನ್ನು ಆಕೆ ಮುಗಿಸಲಿಲ್ಲ. ನನ್ನ ತಮ್ಮ ಅದರಲ್ಲೇ ಬೆಳೆದ.

ಕಾಕಾ ರಜೆಗೆ ಬಂದಾಗಲೆಲ್ಲ ಆಕೆ ನೀರು ಕೊಡುತ್ತಿದ್ದಳು, ಬಿಸಿ ರೊಟ್ಟಿ ಬಡಿಸುತ್ತಿದ್ದಳು, ಬೇಕಾದಷ್ಟು ಮಾತಾಡುತ್ತಿದ್ದಳು. ನೋಡಿದವರಿಗೆ ಅಣ್ಣತಂಗಿಯರ ನಡುವೆ ಏನೂ ಆಗಿರಲಿಲ್ಲ. ಆದರೆ ಅವನ ಕೈಯಲ್ಲಿ ಪುಸ್ತಕ ಕಂಡರೆ ಎದ್ದು ಒಳಗೆ ಹೋಗುವಳು. ನನಗೆ ಮಾತ್ರ ಮೊರದ ಬೂದಿಯಲ್ಲಿ ಕಲಿಸುವುದನ್ನು ಬಿಡಲಿಲ್ಲ, ತನಗೆ ತಿಳಿದಷ್ಟು ಮುಗಿಯುವವರೆಗೂ ಕಲಿಸಿದಳು. ನಾನು ಮದುವೆಯಾಗಿ ಉಮರ್ಗಾಕ್ಕೆ ಬಂದೆ. ಆಯಿ ಹೋದಳು, ಅಪ್ಪ ಹೋದ, ಅವ್ವ ಹೋದಳು. ತಮ್ಮ ಬೇರೆ ಊರಿನ ಹೊಲಕ್ಕೆ ಹೋದ. ನಿಜಾಮರ ಆಳ್ವಿಕೆಯೂ ಹೋಯಿತು. ಮಾಳಿಗೆಯ ಮಣ್ಣು ಪ್ರತಿ ಮಳೆಗೂ ಒಂದಿಷ್ಟು ಕರಗುತ್ತ, ಕೊಟ್ಟಿಗೆ ಮೊದಲು ಕುಸಿದು, ಕೊನೆಗೆ ಪಡಸಾಲೆ ಮತ್ತು ಅಡುಗೆಮನೆ ಮಾತ್ರ ನಿಂತಿದ್ದವು. ಬೇವು ಯಾವ ವರ್ಷ ಬಿತ್ತೋ ನನಗೆ ನೆನಪಿಲ್ಲ. ನೀಲತ್ತಿ ಅದನ್ನು ಹೇಳಿಕಳಿಸುವಷ್ಟು ದೊಡ್ಡ ಸುದ್ದಿಯೆಂದುಕೊಳ್ಳಲಿಲ್ಲ.

ಆ ಪಡಸಾಲೆಗೇ ಕಾಕಾ ಸಾಯಲು ಬಂದ. ಹೆಂಡತಿ ತೀರಿದ್ದಳು, ಮಕ್ಕಳಿರಲಿಲ್ಲ. ನೀಲತ್ತಿ ತಾನೇ ಬಂಡಿ ಕಳಿಸಿ ತರಿಸಿಕೊಂಡಳು. ಕೊನೆಯ ದಿನಗಳಲ್ಲಿ ನಾನೂ ಅಲ್ಲಿದ್ದೆ. ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಗಂಜಿ ಕುಡಿಸುವುದು, ಎಲ್ಲವನ್ನೂ ಆಕೆಯೇ ಮಾಡಿದಳು, ಸ್ವಲ್ಪವೂ ಬೇಸರವಿಲ್ಲದೆ. ಒಂದು ಮಧ್ಯಾಹ್ನ ಕಾಕಾ ಆಕೆಯ ಮಣಿಕಟ್ಟು ಹಿಡಿದು, "ನೀಲಾ, ಆವತ್ತು ಅಯ್ಯನವರು ಕೇಳಿದಾಗ ನಾ..." ಎಂದ. ಆಕೆ ಚಮಚ ಮುಂದೆ ಹಿಡಿದಳು. "ಗಂಜಿ ಆರ್ತದ. ಬಾಯಿ ತಗಿ." ಅವನು ಕುಡಿದ. ಮತ್ತೆ, "ನಾ ಆವತ್ತು..." ಎಂದ. ಮತ್ತೆ ಚಮಚ ಬಂತು. ಅವನು ಕಣ್ಣಿನಿಂದ ನನ್ನನ್ನು ಕೇಳಿಕೊಂಡ, ನೀನಾದರೂ ಆಕೆಗೆ ಹೇಳು ಎನ್ನುವಂತೆ. ನಾನು ಆಕೆಯ ಮುಖ ನೋಡಿದೆ. ಅಲ್ಲಿ ಸಿಟ್ಟಿರಲಿಲ್ಲ, ಒಲೆಯ ಮುಂದೆ ಕುಳಿತವಳ ಶ್ರದ್ಧೆಯಷ್ಟೇ ಇತ್ತು. ಹೀಗೆ ಎಷ್ಟೋ ಸಲ ನಡೆಯಿತು. ಅವನು ಬಾಯಿ ತೆರೆದಾಗಲೆಲ್ಲ ಆಕೆ ನೀರು ಕೊಟ್ಟಳು, ದಿಂಬು ಸರಿಮಾಡಿದಳು, ಬೀಸಣಿಗೆ ಬೀಸಿದಳು. ಆ ಮಾತನ್ನು ಹೇಳದೆಯೇ ಅವನು ಹೋದ.

ಎಲ್ಲ ಮುಗಿದ ಮೇಲೆ ಆಕೆ ಅವನ ಹಾಸಿಗೆಯ ಬಟ್ಟೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದೆ. ತಡೆಯಲಾರದೆ ಕೇಳಿದೆ, "ಒಂದು ಮಾತು ಕೇಳಿದ್ರ ಏನಾಗ್ತಿತ್ತು ಅತ್ತಿ? ಅಂವಾ ಹಗುರಾಗಿ ಹೋಗ್ತಿದ್ದ."

"ಹೌದು, ಹಗುರಾಗ್ತಿದ್ದ" ಎಂದಳು. ಬಟ್ಟೆಯ ಸುಕ್ಕನ್ನು ಅಂಗೈಯಿಂದ ಎಳೆದು ಸರಿಮಾಡಿದಳು. "ಅಂವಾ ಹೇಳಬೇಕಾದಾಗ ಅಂಗಳ ತುಂಬ ಮಂದಿ ಇದ್ರು. ಎಲ್ಲಾರೂ ಅವನ ಬಾಯಿ ನೋಡ್ತಿದ್ರು. ಈಗ ಎಲ್ಲಾರೂ ಸತ್ತ ಮ್ಯಾಲ ನನ್ನ ಒಬ್ಬಾಕಿ ಕಿವ್ಯಾಗ ಹೇಳ್ತೀನಂದ್ರ ನಾ ಯಾಕ ಕೇಳ್ಲಿ?" ಆಮೇಲೆ, "ನೀ ಉಂಡೀಯೇನು ಇಲ್ಲೋ?" ಎಂದು ಕೇಳಿ ಒಳಗೆ ಹೋದಳು.

ಈಗ ಆಕೆಯೂ ಇಲ್ಲ. ಆಕೆಯ ನಂತರ ಆ ಎರಡು ಕೋಣೆಗಳಿಗೆ ದೀಪ ಹಚ್ಚುವವರಿಲ್ಲ. ಮುಂದಿನ ಒಂದೆರಡು ಮಳೆಗೆ ಅವೂ ಹೊಲದ ಕಪ್ಪು ಮಣ್ಣಿಗೆ ಸೇರುತ್ತವೆ. ಆಕೆಯ ಬದುಕು ಹೇಗಿರಬಹುದಿತ್ತೆಂದು ಊಹಿಸಲು ಹೋಗುವುದಿಲ್ಲ. ಉದಗೀರದ ರೈಲಿನ ತನಕವೂ ನನ್ನ ಊಹೆ ಹೋಗುವುದಿಲ್ಲ. ಆದರೆ ಓದುವವರೇ, ನೀವು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ, ಒಂದು ಅಂಗಳ ತುಂಬುವಷ್ಟಾದರೂ ಇದ್ದೀರಿ ಎಂದುಕೊಳ್ಳುತ್ತೇನೆ. ನಿಮ್ಮೆಲ್ಲರ ಮುಂದೆ ನೀಲತ್ತಿಯ ಪರವಾಗಿ ಹೇಳುತ್ತೇನೆ. ಅದು ಗಿಡದ ರಸವಾಗಿತ್ತು. ಅದಕ್ಕೆ ಪುಸ್ತಕದಲ್ಲಿ ಹೆಸರಿತ್ತು. ನಮ್ಮ ಮೂವರಿಗೂ ಅದು ಗೊತ್ತಿತ್ತು.